ಮೊಂಡು ಸೂಜಿ

ಮೊದಲ ದಿನವೇ ಲಕೋಟೆ ಒಡೆದೆ.
ಮೊಯಿದ್ದೀನ್ ಸಾಬರಿಗೆ ‘ಬಿ’.
ಅಂದರೆ ಚುಚ್ಚದ ಸೂಜಿ. ಒತ್ತಿದರೆ
ತನ್ನ ಹಿಡಿಯೊಳಗೇ ಸರಿದುಕೊಳ್ಳುತ್ತದೆ,
ಮುಟ್ಟಿದ ಆಮೆಯ ತಲೆಯ ಹಾಗೆ.

ನನಗೆ ಹೇಳಿಕೊಟ್ಟದ್ದು ಇಷ್ಟು:
ಮುಖ ಬದಲಾಗಬಾರದು.
ಅದೇ ಸ್ಪಿರಿಟ್ಟು, ಅದೇ ಹತ್ತಿ,
ಅದೇ ‘ಸ್ವಲ್ಪ ಚುರ್ ಅನ್ಸತ್ತೆ’.

ಹಾಸನ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ.
ಶಿರಾಡಿಯ ಒಂದೊಂದು ತಿರುವೂ
ಕ್ಲಚ್ ತುಳಿದ ಎಡಮಂಡಿಯಲ್ಲಿ ಇಳಿದು ಕೂತಿದೆ.
ಮಂಚದ ಮೇಲೆ ಕಾಲು ಚಾಚಿ, ಕಣ್ಣು ಮುಚ್ಚಿ
‘ಹ್ಞೂಂ, ಇಳೀತಾ ಇದೆ ಸಿಸ್ಟರ್,
ಪಾದದವರೆಗೂ ಬಂತು ಬಿಸಿ’ ಅನ್ನುತ್ತಾರೆ.

ಪಕ್ಕದ ಕೋಣೆಯಲ್ಲಿ ನೋವಿನ ಅಂಕ ಬರೆಯುವ ಹುಡುಗನಿಗೂ
ಗೊತ್ತಿಲ್ಲ.
ಏಳಿತ್ತು, ನಾಲ್ಕಾಗಿದೆ.

ಆರನೇ ವಾರ ಡಬ್ಬಿಯಲ್ಲಿ ಗೋಧಿ ಹಲ್ವಾ ತಂದರು.
‘ನಿನ್ನೆ ಚಾಪೆ ಮೇಲೇ ನಮಾಜು ಮಾಡಿದೆ.
ಕುರ್ಚಿ ಬೇಕಾಗ್ಲಿಲ್ಲ.’
ತಿನ್ನಲಿಕ್ಕಾಗಲಿಲ್ಲ. ತಿನ್ನದಿರಲಿಕ್ಕೂ.

ಈ ಊರಲ್ಲಿ ವರ್ಷಕ್ಕೊಮ್ಮೆ ತೆರೆಯುವ ಬಾಗಿಲುಂಟು.
ನಮ್ಮ ಪಟ್ಟಿಯೂ ಹಾಗೇ, ಡಾಕ್ಟರ ಬೀರುವಿನಲ್ಲಿ,
ಅರಗಿನ ಮುದ್ರೆಯ ಹಿಂದೆ.
ತೆರೆದ ದಿನ ಅವರಿಗೊಂದು ಪತ್ರ ಹೋಗುತ್ತದೆ:
‘ತಮಗೆ ನೀಡಲಾಗಿದ್ದು...’

ಆಗ ಆ ಮಂಡಿ ಏನು ಮಾಡೀತು?
ಚಾಪೆಯಿಂದೆದ್ದು ಮತ್ತೆ ಕುರ್ಚಿ ಹತ್ತೀತೇ?
ಇದಕ್ಕೆ ನಮೂನೆಯಲ್ಲಿ ಕಲಂ ಇಲ್ಲ.

ಸಂಜೆ ತಟ್ಟೆಯಲ್ಲಿ ಸೂಜಿ ಎಣಿಸುವಾಗ
ಬಾಗಿಲು ಹಾಕಿಕೊಂಡು
ಒಂದು ಮೊಂಡು ಸೂಜಿಯನ್ನು
ನನ್ನ ಹೆಬ್ಬೆರಳ ಬುಡಕ್ಕೆ ಒತ್ತಿ ನೋಡಿದೆ.

ಚುರ್ ಅಂತು.