ಹೆಲ್ವಿಯ ಕೋಟು

ಕೋಪ್ಲಿಯಲ್ಲಿ, ಟ್ರಾಮಿನ ಹಳಿ ಮುಗಿಯುವ ಕಡೆ,
ನಾಲ್ಕನೇ ಮಹಡಿ ನನ್ನದು, ಮೂರನೆಯದು ಹೆಲ್ವಿಯದು.
ಹನ್ನೊಂದು ವರ್ಷದಿಂದ ನಾನೊಂದು ಬ್ರೌಸರ್ ಬರೆಯುತ್ತಿದ್ದೇನೆ.
ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಬೈಯಬಹುದು;
ಬೈದವರೇ ಹೆಚ್ಚು.
ಬಳಸುವವರು ಆರುನೂರ ಚಿಲ್ಲರೆ. ಅವರಲ್ಲಿ ಹೆಲ್ವಿ ಒಬ್ಬಳು:
ಹೊಲಿದು ಹೊಲಿದು ಮಂಜಾದ ಅವಳ ಕಣ್ಣಿಗೆಂದೇ
ಅಂಗೈಯಗಲದ ಅಕ್ಷರ ಮಾಡಿಕೊಟ್ಟಿದ್ದೇನೆ.

ನವೆಂಬರಿನಲ್ಲಿ ಕೆಳಗಿನಿಂದ ಪೈಪು ಬಡಿದಳು.
ಧಾರಾವಾಹಿ ಬರುತ್ತಿಲ್ಲ. ದುಡ್ಡು ಕಟ್ಟಿದ್ದಾಳೆ, ರಸೀದಿಯೂ ಇದೆ.
ಪರದೆಯ ಮೇಲೆ ಕರಿ ಚೌಕ,
ಇಸ್ತ್ರಿ ಮಾಡಿ ಮಡಿಸಿಟ್ಟ ಶೋಕದ ಬಟ್ಟೆಯಂತೆ.

ಚಿತ್ರ ಬಿಚ್ಚುವ ಕೀಲಿ ಒಂದು ಮುಚ್ಚಿದ ಡಬ್ಬಿಯಲ್ಲಿದೆ.
ಡಬ್ಬಿಗೆ ಪರವಾನಗಿ ಬೇಕು, ಪರವಾನಗಿಗೆ ಅರ್ಜಿ.
ಬರೆದೆ. ಕಂಪನಿ ಯಾವುದು, ವಕೀಲರು ಯಾರು ಎಂಬ ಕಡೆ
ಅಡ್ಡಗೀಟು ಎಳೆದೆ.
ನಾಲ್ಕು ತಿಂಗಳು. ಕೊಲ್ಲಿ ಹೆಪ್ಪುಗಟ್ಟಿ, ಕರಗಿ,
ಆಮೇಲೆ ಒಂದೂವರೆ ಸಾಲಿನ ಉತ್ತರ:
ತೆರೆದಿಟ್ಟ ಕೋಡಿಗೆ ನಮ್ಮಲ್ಲಿ ಸದ್ಯ ಏರ್ಪಾಡಿಲ್ಲ.
ಕೆಳಗೆ ಹೆಸರಿರಲಿಲ್ಲ. ಶುಭದಿನ ಇತ್ತು.

ಹೆಲ್ವಿ ನಕ್ಕಳು. "ನಮ್ಮ ಎಂಡೆಲ್ ಇದ್ದಿದ್ದರೆ!"
ಸೋವಿಯತ್ ಕಾಲದಲ್ಲಿ, ಕೊಲ್ಲಿಯಾಚೆಯ ಫಿನ್ನಿಶ್ ಟೀವಿಗೆ
ಬಣ್ಣ ಬರಲೆಂದು, ಬೆಂಕಿಪೊಟ್ಟಣದಷ್ಟು ಹಲಗೆಯೊಂದನ್ನು
ಇದೇ ಅಡುಗೆಮೇಜಿನ ಮೇಲೆ ಬೆಸೆದಿದ್ದನಂತೆ;
ಬೀದಿಯ ಹದಿನೇಳು ಮನೆಗೆ ಹಂಚಿದ್ದನಂತೆ.
"ನೀನೂ ಒಂದು ಬೆಸೆದುಬಿಡು, ಓದಿದವನಲ್ಲವೆ."
ಬೆಸೆಯಲು ಬರುವುದಿಲ್ಲವೆಂದಲ್ಲ, ಅಂದೆ.
ಬೀಗ ಒಡೆಯುವುದಿರಲಿ, ಒಡೆಯುವ ಬಗೆ ಹೇಳಿದರೂ ತಪ್ಪು, ಅಂದೆ.
"ಆಗಲೂ ತಪ್ಪೇ ಆಗಿತ್ತು," ಅಂದಳು, ಚಹಾ ಬಗ್ಗಿಸುತ್ತ.

ಸಿಟ್ಟು ಬಂದದ್ದು ಕಂಪನಿಯ ಮೇಲಲ್ಲ, ಎಂಡೆಲ್ ಮೇಲೆ.
ಸತ್ತವರು ಎಷ್ಟು ಸಲೀಸಾಗಿ ಧೈರ್ಯವಂತರು.

ಅಡಿಬರಹಕ್ಕೆ ಮಾತ್ರ ಯಾರೂ ಬೀಗ ಹಾಕಿರಲಿಲ್ಲ.
ಒಂದು ಭಾನುವಾರ ಕೂತು ಅದಕ್ಕೆ ದಾರಿ ಮಾಡಿದೆ.
ಈಗ ಕರಿ ಚೌಕದ ಮೇಲೆ ಅಂಗೈಯಗಲದ ಮಾತು
ಬರುತ್ತದೆ, ಹೋಗುತ್ತದೆ:
ನಿಲ್ಲು. ನಾನು ಹೇಳಿರಲಿಲ್ಲವೆ. ಬಾಗಿಲು ತೆರೆದ ಸದ್ದು.

ಹೆಲ್ವಿ ಕುರ್ಚಿ ಮುಂದಕ್ಕೆಳೆದು, ಗಟ್ಟಿಯಾಗಿ ಓದಿ,
ಒಳಗೆ ಬಂದವಳನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ.
"ಪಾಚಿಬಣ್ಣದ ಕೋಟು," ಅನ್ನುತ್ತಾಳೆ. "ಉಣ್ಣೆ ಒಳ್ಳೆಯದೇ.
ಭುಜ ಮಾತ್ರ ಕೆಟ್ಟದಾಗಿ ಕೂರಿಸಿದ್ದಾರೆ, ನೋಡು."

ನೋಡಿದೆ.