ನಾನೂರ ಹನ್ನೆರಡನೆಯದು

ಟಾರ್ಟುವಿನಲ್ಲಿ ಮಾರ್ಚ್ ಎಂದರೆ ಇನ್ನೂ ಹಿಮವೇ.
ಎಮಾಯೊಗಿ ನದಿ ನಡುವೆ ಮಾತ್ರ ಬಿಟ್ಟುಕೊಂಡು
ಎರಡೂ ದಡದಲ್ಲಿ ಹೆಪ್ಪುಗಟ್ಟಿದೆ.
ಬೂಟಿನ ಉಪ್ಪು ಮರಳು ಕೊಡವಿ ಒಳಗೆ ಬರುತ್ತೇನೆ.

ನನ್ನ ಕೆಲಸ ಎಣಿಸುವುದು.
ಯಾರೂ ಆಸೆಪಟ್ಟು ಕರೆದು ಕೊಟ್ಟದ್ದಲ್ಲ;
ಜೈವಿಕ ಸುರಕ್ಷತೆಗೆ ಒಬ್ಬ ಇರಬೇಕು ಎಂದಿದೆ ನಿಯಮ,
ಇದ್ದೇನೆ.
ಊಟದ ಮನೆಯಲ್ಲಿ ನಾನು ಕೂತ ಮೇಜಿನಿಂದ
ತಟ್ಟೆಗಳು ಮೆಲ್ಲಗೆ ಏಳುತ್ತವೆ.

ಗಿಡ ಸಾಸಿವೆಯ ದಾಯಾದಿ. ಬೀಜ
ಸಾಸಿವೆಯ ಮುಂದೆ ಬರೀ ಧೂಳು:
ಉಗುರಿನ ಸಂದಿಯಲ್ಲಿ ಇಪ್ಪತ್ತು ಕೂರುತ್ತವೆ,
ಸೀನಿದರೆ ಹಾರುತ್ತವೆ,
ಪ್ಯಾಂಟಿನ ಮಡಿಕೆಯಲ್ಲಿ ಅವಿತು
ಒಂದು ಹೊಲವೇ ಮನೆಗೆ ನಡೆದುಹೋಗಬಹುದು.
ಅದಕ್ಕೇ ಮಡಿಕೆಯಿಲ್ಲದ ಬಟ್ಟೆ, ಅಂಟುಚಾಪೆ,
ಒಂದು ಮುಚ್ಚದೆ ಇನ್ನೊಂದು ತೆರೆಯದ ಎರಡು ಬಾಗಿಲು.
ಗಾಳಿಗೂ ಇಲ್ಲಿ ಒಳಬರಲಷ್ಟೇ ಅಪ್ಪಣೆ.
ಒಳಗಿನದು ಹೊರಗೆ ಸೋಕಬಾರದೆಂಬ
ತಲೆಕೆಳಗಾದ ಮಡಿ.

ಬಿತ್ತಿದ್ದು ನಾನೂರ ಹನ್ನೆರಡು.
ಬೇಯಿಸಿ ಕೊಂದದ್ದು ನಾನೂರ ಹನ್ನೊಂದು.

‘ಮೊಳೆತಿರಲಿಕ್ಕಿಲ್ಲ’ ಎಂದ ಟಾಂಬೆಟ್,
ಮೂರು ವರ್ಷದ ಪ್ರಬಂಧ ಕಣ್ಣ ಕೆಳಗೆ ಕಪ್ಪಗೆ ಇಳಿದವನು.
ಮೊಳೆಯದ್ದಕ್ಕೆ ಬೇರೆ ಅಂಕಣವಿದೆ,
ಅವನೇ ಅಲ್ಲಿ ಸೊನ್ನೆ ಬರೆದಿದ್ದಾನೆ.
‘ಒಂದು ತಾನೇ?’
ಒಂದು ತಾನೇ ಎಂಬುದಕ್ಕೆ
ಇನ್ನೂ ಯಾರೂ ಅಂಕಣ ಎಳೆದಿಲ್ಲ.

ದೀಪ ಆರಿಸಿದೆವು. ಕಿತ್ತಳೆ ಕನ್ನಡಕ, ನೀಲಿ ಟಾರ್ಚು.
ಲೋಳೆಮೀನಿನ ಒಂದು ಸಾಲನ್ನು ಸೇರಿಸಿ ತಿದ್ದಿದ ಗಿಡ,
ಕತ್ತಲಲ್ಲಿ ಹಸಿರಾಗಿ ಹೊಳೆಯಲೇಬೇಕು.
ಮೇಜಿನಡಿ, ಜಾಲರಿಯ ಮೂಲೆ, ಕೊಳವೆಯ ಬೆನ್ನು.
ಹೊಳೆದದ್ದು ಟಾಂಬೆಟ್‌ನ ಅಂಗಿಯ ಒಂದು ದಾರ,
ಆಮೇಲೆ ಯಾವುದೋ ಸಾಬೂನಿನ ಕಲೆ.
ನಾಲ್ಕು ಕೈ, ನಾಲ್ಕು ಮೊಣಕಾಲು,
ಮಾತಿಲ್ಲ.

‘ಇಲ್ಲಿದೆ’ ಎಂದಳು ಹೆಲ್ವೆ.

ಇಪ್ಪತ್ತಾರು ವರ್ಷದಿಂದ ಆಟೋಕ್ಲೇವ್ ನಡೆಸುವವಳು,
ನೂರ ಇಪ್ಪತ್ತೊಂದು ಡಿಗ್ರಿಯ ಆವಿಗೆ
ಮುಂಗೈ ಒಗ್ಗಿಸಿಕೊಂಡವಳು.
ಯಂತ್ರದ ಹಿಂದೆ, ಸದಾ ಬೆಚ್ಚಗಿರುವ ಮೋರಿಯ ಬಿರುಕಿನಲ್ಲಿ
ಬೆರಳುದ್ದ ಎದ್ದು ಹೂ ಬಿಟ್ಟಿತ್ತು:
ನಾಲ್ಕು ಎಸಳು, ಅಕ್ಕಿನುಚ್ಚಿನಷ್ಟು ಬಿಳಿ.
ಮೇಲೊಂದು ಗಾಜಿನ ಬೀಕರು ಕವುಚಿ,
ಬುಡದ ಸುತ್ತ ಒದ್ದೆ ಬಟ್ಟೆ ಒತ್ತಿಟ್ಟಿತ್ತು,
ಒಂದು ಪರಾಗವೂ ನುಸುಳದ ಹಾಗೆ.
ಯಾವ ಕೈಪಿಡಿಯಲ್ಲೂ ಇಲ್ಲದ,
ಯಾವ ಕೈಪಿಡಿಗೂ ಸೋಲದ ಏರ್ಪಾಡು.

‘ಹೇಳಬೇಕಿತ್ತು’ ಎಂದೆ.
‘ಬೇಕಿತ್ತು’ ಎಂದಳು.
‘ಅಕ್ಟೋಬರಿನಿಂದ ಬರೀ ಬಿಳಿಯೇ ನೋಡಿದ್ದೆ.
ಇದೂ ಬಿಳಿಯೇ, ಆದರೆ
ಇದು ದಿನಕ್ಕಿಷ್ಟು ಬೇರೆಯಾಗುತ್ತಿತ್ತು.’

ತಾನೇ ಕಿತ್ತಳು, ಬೇರು ತುಂಡಾಗದಂತೆ.
ಬಿರುಕಿಗೆ ಕುದಿನೀರು ಸುರಿದಳು, ಮೂರು ಸಲ.
ಚೀಲ ಕಟ್ಟಿ, ಪಟ್ಟಿ ಅಂಟಿಸಿ, ಗುಂಡಿ ಒತ್ತಿ
ಗೋಡೆಗೆ ಒರಗಿ ನಿಂತಳು.
ಪಟ್ಟಿಯ ಗೆರೆಗಳು ಕಪ್ಪಾಗುವವರೆಗೆ
ಟಾಂಬೆಟ್ ತನ್ನ ಕೈಗವಸನ್ನೇ ನೋಡುತ್ತಿದ್ದ.

ಬೇಸಗೆಗೆ ಅವಳ ನಿವೃತ್ತಿ.
ನಾನು ಪೆನ್ನು ಹಿಡಿದು ಸ್ವಲ್ಪ ಹೊತ್ತು ಏನೂ ಬರೆಯಲಿಲ್ಲ.
ಆಮೇಲೆ ಬರೆದೆ: ಸಿಕ್ಕ ಜಾಗ. ಕಂಡವರ ಹೆಸರು.
ವರದಿಯಿಲ್ಲದೆ ಇದ್ದ ಅವಧಿ, ಅಂದಾಜು ಒಂಬತ್ತು ದಿನ.

ಕನ್ನಡಕ ಹಣೆಗೇರಿಸಿ ಸಾಲು ಸಾಲಾಗಿ ಓದಿದಳು.
‘ಒಂಬತ್ತಲ್ಲ, ಹನ್ನೊಂದು.
ತಿದ್ದು.’

ಉಜ್ಜಿ ಅಳಿಸುವ ಹಾಗಿಲ್ಲ ನಮ್ಮಲ್ಲಿ.
ಒಂದೇ ಒಂದು ಗೆರೆ, ಹಳೆಯದು ಕಾಣುವ ಹಾಗೆ;
ಪಕ್ಕದಲ್ಲಿ ಹೊಸದು;
ಅದರ ಪಕ್ಕದಲ್ಲಿ, ಆವಿಗೆ ಉಬ್ಬಿದ ಬೆರಳಿನ
ನಿಧಾನದ ಸಹಿ.