ಗೋದಲಿಗೆ ತಂದ ಹುಲ್ಲು

ಆ ಡಿಸೆಂಬರಿನಲ್ಲಿ ರೇಡಿಯೋ ಊರೂರ ಹೆಸರು ಓದುತ್ತಿತ್ತು,
ಹವಾಮಾನ ಓದುವ ಅದೇ ದನಿಯಲ್ಲಿ.
ಪಪ್ಪಾ ಎದ್ದು ಅದರ ಕಿವಿ ಹಿಂಡಿದ.
ಅಷ್ಟರಲ್ಲಿ ಕಾಳಿ ಸೇತುವೆಯ ಈಚೆ
ಒಂದರ ಹಿಂದೊಂದು ಬಸ್ಸು,
ಲಾರಿಗಳ ಸಾಲು ಕೋಡಿಬಾಗದ ತನಕ.
ಮುಂದೆ ಹೋಗುವಂತಿಲ್ಲ ಎಂದರು ಪೊಲೀಸರು,
ಹಿಂದೆ ಹೋಗಿ ಎಂದೂ ಅನ್ನಲಿಲ್ಲ.

ಇಗರ್ಜಿಯ ಗಂಟೆ ಅವೇಳೆಯಲ್ಲಿ ಬಡಿಯಿತು.
ಯಾರೋ ತೀರಿಕೊಂಡರೆಂದು
ಮಾಂಯ್ ಜಪಸರ ಹುಡುಕಿದಳು.
ಸತ್ತದ್ದಲ್ಲ, ಅಕ್ಕಿ ಬೇಕಂತೆ!
ಓಡಿ ಬಂದ ಅಣ್ಣ ರುಜಾರ್ ಏದುಸಿರಲ್ಲಿ ಹೇಳಿದ:
ಮನೆಗೆ ಎರಡು ಸೇರು, ಒಂದು ಚಾಪೆ,
ಕೈ ಬಿಡುವಿದ್ದವರೆಲ್ಲ.

ನಮ್ಮಲ್ಲಿ ಐದೂ ಜನರ ಕೈ ಬಿಡುವಿತ್ತು.
ಪಪ್ಪಾನ ದೋಣಿ ಡೀಸೆಲ್ ಇಲ್ಲದೆ
ಬೈತಖೋಲದಲ್ಲಿ ಮಗ್ಗುಲಾಗಿತ್ತು.
ಮಮ್ಮಿಯ ಮಷೀನಿನ ಮೇಲೆ
ಹಬ್ಬದ ಫ್ರಾಕುಗಳು, ತೋಳಿಲ್ಲದೆ.
ಮದುವೆಗೆ ಮಾತ್ರ ಇಳಿಯುವ ತಾಮ್ರದ ಹಂಡೆ
ಅಟ್ಟದಿಂದ ಇಳಿಯಿತು. ಅದರೊಳಗೆ ಒಂದು ಹಲ್ಲಿ,
ಎಮೆಲಿನ್ ಚಿಕ್ಕಿಯ ಮದುವೆಯ ಗುಲಾಬಿ ಕಾಗದದ ಚೂರು.

ಗಂಜಿ. ಮಾವಿನ ಉಪ್ಪಿನಕಾಯಿ.
ಒಣ ಸಿಗಡಿ ಹುರಿಯಬೇಡ, ಯಾರ ಹೊಟ್ಟೆ
ಏನನ್ನು ತಾಳುತ್ತದೋ, ಎಂದಳು ಮಾಂಯ್.
ಮಮ್ಮಿ ಬೇರೆ ಒಲೆ ಹೂಡಿ ಹುರಿದೇಬಿಟ್ಟಳು.
ದೇಶದ ಜಗಳದ ನಡುವೆ ಅತ್ತೆ ಸೊಸೆಯರಿಗೆ
ಎರಡು ದಿನ ಮಾತಿಲ್ಲ.
ನನ್ನ ಪಾಲಿಗೆ ಬಂದದ್ದು ನೀರು:
ಲೋಟ ಹನ್ನೆರಡು, ಬಾಯಾರಿದವರು ಇನ್ನೂರು.

ಒಬ್ಬ ಅಜ್ಜ ಹೊಸ್ತಿಲು ದಾಟಲಿಲ್ಲ.
"ಇಲ್ಲಿ ಬೇಯಿಸಿದ್ದು ನನಗೆ ಆಗದು ತಾಯೀ,
ತಪ್ಪು ತಿಳಿಯಬೇಡ."
ರುಜಾರನ ಕಿವಿ ಕೆಂಪಾದವು.
ಮಮ್ಮಿ ಸೆರಗಿಗೆ ಕೈ ಒರೆಸಿಕೊಂಡು
ಹಸಿ ಅಕ್ಕಿ ಅಳೆದಳು, ಹೊಸ ಮಡಕೆ, ಮೂರು ಕಲ್ಲು,
ಬಾವಿಯ ಹಗ್ಗ ಅವನ ಕೈಗೇ ಕೊಟ್ಟಳು.
ಗೇರುಮರದ ಕೆಳಗೆ ಬೇರೆಯೇ ಹೊಗೆ ಎದ್ದಿತು.
ಸಂಜೆ ನೋಡಿದರೆ
ಆ ಮಡಕೆಯ ಮುಂದೆ ಕುಕ್ಕರಗಾಲಲ್ಲಿ
ಲಾರಿ ಕ್ಲೀನರ್ ದಸ್ತಗೀರ್,
ನಮ್ಮಲ್ಲಿ ಎರಡು ಸಲ ಉಂಡವನು!
"ಅಜ್ಜನ ಅನ್ನ ಬಿಸಿ ಇತ್ತು" ಎಂದ.

ರಾತ್ರಿ ಚಾಪೆ ಸಾಲಲಿಲ್ಲ.
ಗೋದಲಿಗೆಂದು ಕಡವಾಡದಿಂದ ತಂದ ಹುಲ್ಲಿನ ಹೊರೆ
ಹಾಲಿನ ಮೂಲೆಯಲ್ಲಿತ್ತು, ಪಕ್ಕದಲ್ಲಿ
ಹಳೇ ಪೇಪರು ಸುತ್ತಿಕೊಂಡ ಮೂವರು ರಾಜರು.
ಎಲ್ಲರೂ ಹುಲ್ಲು ನೋಡಿದರು, ಆಮೇಲೆ ಪಾದ್ರಿಯನ್ನು.
ಪಾದ್ರಿ ಕನ್ನಡಕ ಒರೆಸತೊಡಗಿದರು.
ಪಪ್ಪಾ ಮೀನಿನ ಬಲೆ ಬಿಚ್ಚುವ ಹಾಗೆ
ಹೊರೆ ಬಿಚ್ಚಿ ಎಳೆದ, ಈ ಗೋಡೆಯಿಂದ ಆ ಗೋಡೆಗೆ.

ನಾನೂ ಒಂದು ಬಿತ್ತಿದ್ದೆ:
ಕರಟಗಳಲ್ಲಿ ರಾಗಿ, ಗೋದಲಿಯ ಗುಡ್ಡಕ್ಕೆ ಹಸಿರು,
ನಾಲ್ಕು ಬೆರಳೆತ್ತರ.
ಮುಂಬೈ ಬಸ್ಸಿನ ಒಂದು ಪುಟ್ಟ ಹುಡುಗಿ
ಮಮ್ಮಿಯ ಕತ್ತರಿ ಕದ್ದು
ಏಳೂ ಕರಟಗಳಿಗೆ ಕ್ಷೌರ ಮಾಡಿದ್ದಳು.
ಈಗ ಹೇಳಬಹುದು:
ರೇಡಿಯೋ ಓದಿದ ಊರುಗಳಿಗೆ ನಾನು ಅಳಲಿಲ್ಲ,
ರಾಗಿಗೆ ಅತ್ತೆ.
ಅವಳ ಬೆನ್ನಿಗೆ ಒಂದು ಗುದ್ದೂ ಕೊಟ್ಟೆ.
ಅವಳು ಅಳದೆ ನನ್ನನ್ನೇ ನೋಡಿದಳು,
ಗುದ್ದಿಗೆ ಮೊದಲೇ ಕಾದಿದ್ದವಳ ಹಾಗೆ.

ಮೂರನೆಯ ಬೆಳಗಿಗೆ ದಾರಿ ಬಿಟ್ಟರು.
ಕೆಲವು ಬಸ್ಸು ಉತ್ತರಕ್ಕೆ, ಕೆಲವು ಬಂದ ಕಡೆಗೇ.
ಉಳಿದದ್ದು ಒಂದು ಎಡಗಾಲ ಚಪ್ಪಲಿ, ಬಾಚಣಿಗೆ,
ಮೈಗಳ ಗುರುತಿಗೆ ತಗ್ಗಾದ ಹುಲ್ಲು.
ಬೇರೆ ತರಲು ದುಡ್ಡಿರಲಿಲ್ಲ.
ಬೀಡಿ, ಕೊಬ್ಬರಿ ಎಣ್ಣೆ, ಮಗುವಿನ ಉಚ್ಚೆಯ ವಾಸನೆಯ
ಅದೇ ಹುಲ್ಲಿನ ಮೇಲೆ
ಬಾಳ ಯೇಸುವನ್ನು ಮಲಗಿಸಿದೆವು.
ಪೂಜೆಯುದ್ದಕ್ಕೂ ಮಾಂಯ್ ಸೀನಿದಳು.

ನಾಲ್ಕು ದಿನ ಹಳೆಯ ಪೇಪರು ಬಂತು.
ಮಮ್ಮಿ ಮುಂಬೈಯ ಬೀದಿಗಳ ಹೆಸರ ಮೇಲೆ
ಬೆರಳಿಟ್ಟು ಓದಿದಳು. ಆ ಹುಡುಗಿಯದು
ಯಾವ ಬೀದಿ ಎಂದು ನಾವು ಕೇಳಿರಲಿಲ್ಲ,
ಹೆಸರೂ.
ಆಮೇಲೆ ಅದನ್ನೇ ಹಾಸಿ ತೋಳಿನ ಅಳತೆ ಗೀರಿದಳು,
ಕತ್ತರಿ ಬೀದಿಗಳ ನಡುವೆ ಹೋಯಿತು.
ಆ ವರ್ಷದ ಫ್ರಾಕು
ಕಂಕುಳಲ್ಲಿ ಸ್ವಲ್ಪ ಬಿಗಿ.